ಲೂ ಗೆಹ್ರಿಗ್ ಬಿಟ್ಟುಹೋದ ಕಾಗದಗಳು, ತೆರೆಯದ ಒಂದು ಫೈಲು

ಬೇಸ್‌ಬಾಲ್ ಆಟಗಾರ ಲೂ ಗೆಹ್ರಿಗ್ ತೀರಿಕೊಂಡು 80 ವರ್ಷದ ಮೇಲಾಯಿತು. ಅಮೆರಿಕದಲ್ಲಿ ಎಎಲ್‌ಎಸ್ ಅನ್ನುವ, ನರಗಳು ಸಾಯುತ್ತಾ ಸ್ನಾಯುಗಳು ಸೋಲುವ ರೋಗವನ್ನು ಜನ ಇವತ್ತಿಗೂ ಅವರ ಹೆಸರಿನಿಂದಲೇ ಕರೆಯುತ್ತಾರೆ. ಆದರೆ ಅವರಿಗೆ ಬಂದಿದ್ದು ನಿಜಕ್ಕೂ ಅದೇ ರೋಗವಾ ಅನ್ನುವ ಪ್ರಶ್ನೆ ಎದ್ದಿದ್ದು 2010ರಲ್ಲಿ.

ಗೆಹ್ರಿಗ್ ನ್ಯೂಯಾರ್ಕ್ ಯಾಂಕೀಸ್ ತಂಡದವರು. 1925ರ ಜೂನ್‌ನಿಂದ ಒಂದನ್ನೂ ತಪ್ಪಿಸದೆ ಸತತ 2,130 ಪಂದ್ಯ ಆಡಿದರು. 1939ರಲ್ಲಿ ಕೈಕಾಲು ಹೇಳಿದ ಹಾಗೆ ಕೇಳದಾಯಿತು. ಮೇ 2ರಂದು ಡೆಟ್ರಾಯಿಟ್‌ನಲ್ಲಿ ಮ್ಯಾನೇಜರ್ ಹತ್ತಿರ ತಾವೇ ಹೋಗಿ, ನನ್ನನ್ನು ಕೈಬಿಡಿ ಅಂದರು. ಜೂನ್‌ನಲ್ಲಿ ಮಿನೆಸೋಟದ ಮೇಯೋ ಕ್ಲಿನಿಕ್‌ನಲ್ಲಿ ವಾರವಿಡೀ ತಪಾಸಣೆ ನಡೆಯಿತು. 19ನೇ ತಾರೀಖು, ಅವರ 36ನೇ ಹುಟ್ಟುಹಬ್ಬದ ದಿನ, ವೈದ್ಯರು ಪತ್ರ ಬರೆದುಕೊಟ್ಟರು: ಎಎಲ್‌ಎಸ್ ಇದೆ, ಇನ್ನು ಆಡಲು ಆಗುವುದಿಲ್ಲ. ಎರಡು ದಿನದಲ್ಲಿ ಅದು ಪತ್ರಿಕೆಗಳಲ್ಲೂ ಬಂತು.

ಆ ಪತ್ರಕ್ಕಿಂತ ನನ್ನ ಕರುಳು ಹಿಂಡುವುದು ಆಗ ಗೆಹ್ರಿಗ್ ಹೆಂಡತಿ ಎಲಿನಾರ್‌ಗೆ ಬರೆದ ಕಾಗದ. ಇದಕ್ಕೆ ಮದ್ದಿಲ್ಲವಂತೆ, ಈಗಿರುವ ಹಾಗೇ ಉಳಿಯುವ ಸಾಧ್ಯತೆ ಅರ್ಧಕ್ಕರ್ಧ, 10-15 ವರ್ಷದಲ್ಲಿ ಊರುಗೋಲು ಬೇಕಾಗಬಹುದು ಅಂತ ಬರೆದಿದ್ದಾರೆ. ಇದು ಹೆಂಡತಿಗೆ ಅಂಟುವ ಕಾಯಿಲೆಯಲ್ಲ ಅನ್ನುವುದನ್ನೂ ಮರೆಯದೆ ತಿಳಿಸಿದ್ದಾರೆ. ಅಷ್ಟು ವರ್ಷ ಎಲ್ಲಿ ಸಿಕ್ಕಿತು? 1941ರ ಜೂನ್ 2ರಂದು ಹೋಗಿಬಿಟ್ಟರು.

2010ರಲ್ಲಿ ಬಾಸ್ಟನ್ ಸಂಶೋಧಕರು, ತಲೆಗೆ ಪದೇ ಪದೇ ಪೆಟ್ಟು ಬಿದ್ದ ಕ್ರೀಡಾಪಟುಗಳಲ್ಲಿ ಎಎಲ್‌ಎಸ್‌ನಂತೆಯೇ ಕಾಣುವ ಇನ್ನೊಂದು ಕಾಯಿಲೆ ಬರಬಹುದು ಅಂದರು. ಗೆಹ್ರಿಗ್ ಕಾಲೇಜಿನಲ್ಲಿ ಅಮೆರಿಕನ್ ಫುಟ್‌ಬಾಲ್ ಬೇರೆ ಆಡಿದ್ದವರು, ಅಲ್ವಾ? ಎಲ್ಲರ ಕಣ್ಣು ಮೇಯೋದ ಹಳೇ ಫೈಲಿನ ಮೇಲೆ ಬಿತ್ತು. ಸತ್ತು ಬಹಳ ವರ್ಷವಾದವರ ದಾಖಲೆ ತೆರೆಯಲು ಮಿನೆಸೋಟದ ಶಾಸಕಿ ಫಿಲಿಸ್ ಕಾನ್ ಮಸೂದೆಯನ್ನೇ ತಂದರು. ಅದು ಪಾಸಾಗಲಿಲ್ಲ. ರೋಗಿ ಸತ್ತರೂ ಅವರ ಗುಟ್ಟು ಕಾಯಬೇಕು ಅನ್ನುವುದು ಆಸ್ಪತ್ರೆಯ ನಿಲುವು. ಒಪ್ಪಿಗೆ ಕೇಳೋಣ ಅಂದರೆ ಗೆಹ್ರಿಗ್‌ಗೆ ಮಕ್ಕಳಿರಲಿಲ್ಲ, ಎಲಿನಾರ್ 1984ರಲ್ಲೇ ತೀರಿಕೊಂಡಿದ್ದಾರೆ.

ನನಗೆ ಆಸ್ಪತ್ರೆಯ ಮಾತೇ ಸರಿ ಅನಿಸುತ್ತದೆ. ಇದು ಯಾವ ಕಾಯಿಲೆ ಅಂತ ಖಚಿತವಾಗಿ ಹೇಳಲು ಮಿದುಳನ್ನೇ ಪರೀಕ್ಷಿಸಬೇಕು. ಗೆಹ್ರಿಗ್ ದೇಹವನ್ನು ಸುಟ್ಟಿದ್ದಾರೆ, ಫೈಲು ತೆರೆದರೂ ಆ ಉತ್ತರ ಸಿಗುವುದಿಲ್ಲ. ಪೆಟ್ಟಿನ ಸುದ್ದಿ ಬೇಕಿದ್ದರೆ ಅಂದಿನ ಪತ್ರಿಕೆಗಳಲ್ಲೇ ಇದೆ. 1934ರ ಜೂನ್‌ನಲ್ಲಿ ವರ್ಜೀನಿಯಾದ ನಾರ್ಫೋಕ್‌ನಲ್ಲಿ ಚೆಂಡು ಅವರ ತಲೆಗೆ ಬಡಿದು ಪ್ರಜ್ಞೆ ತಪ್ಪಿತು. ಆಗ ಹೆಲ್ಮೆಟ್ ಇರಲಿಲ್ಲ. ಮರುದಿನವೇ ವಾಷಿಂಗ್ಟನ್‌ನಲ್ಲಿ ಬ್ಯಾಟ್ ಹಿಡಿದು ನಿಂತಿದ್ದರು.