ಈಜು ನಿಲ್ಲಿಸಿದ ಇಲಿಗೆ ಖಿನ್ನತೆಯೇ?

ಇಲಿಯ ಖಿನ್ನತೆ ಅಳೆಯಲು ಬಹುಕಾಲದಿಂದ ಬಳಸುತ್ತಿರುವುದು 1977ರಲ್ಲಿ ರೋಜರ್ ಪೋರ್ಸೋಲ್ಟ್ ರೂಪಿಸಿದ ಈಜು ಪರೀಕ್ಷೆ. ಈಗಿನ ರೂಢಿಯಂತೆ ಜಾಡಿಯಲ್ಲಿ ಸುಮಾರು 15 ಸೆಂ.ಮೀ. ನೀರು, 24 ಡಿಗ್ರಿ ಆಸುಪಾಸಿನ ಬಿಸಿ, ಒಟ್ಟು 6 ನಿಮಿಷ. ಕೊನೆಯ 4 ನಿಮಿಷಗಳಲ್ಲಿ ಇಲಿ ಕೈಕಾಲು ಬಡಿಯದೆ ಎಷ್ಟು ಸೆಕೆಂಡು ತೇಲಿತು ಎಂಬುದೇ ಲೆಕ್ಕ: ಹೆಚ್ಚು ತೇಲಿದರೆ ಹೆಚ್ಚು ಖಿನ್ನತೆ. ನೀರು ಆಳವಿಲ್ಲದಿದ್ದರೆ ಅದು ಬಾಲ ಊರಿ ನಿಂತುಬಿಡುತ್ತದೆ. ತಣ್ಣಗಿದ್ದರೆ ಮೈ ಮರಗಟ್ಟುತ್ತದೆ. ಗಮನಿಸದಿದ್ದರೆ ಎರಡೂ 'ಖಿನ್ನತೆ' ಎಂದೇ ದಾಖಲಾಗುತ್ತವೆ. ಇನ್ನೊಂದು ತಕರಾರು: ಖಿನ್ನತೆಯ ಔಷಧಿಯ ಒಂದೇ ಡೋಸಿಗೆ ಇಲಿ ಬದಲಾಗಿ ಹೆಚ್ಚು ಈಜುತ್ತದೆ, ರೋಗಿಗೆ ಅದೇ ಔಷಧಿ ಹಿಡಿಯಲು ವಾರಗಳೇ ಬೇಕು.

ಬೇಕಾದ ಜೀನನ್ನೇ ಕೆಡಿಸಿದ 'ನಾಕೌಟ್' ಇಲಿಗಳು ಬಂದದ್ದು 1989ರಲ್ಲಿ. 1998ರಲ್ಲಿ ಅಮೆರಿಕದ ಮೂರು ಪ್ರಯೋಗಾಲಯಗಳು ಮೆದುಳಿನ ಸಂದೇಶವಾಹಕ ರಾಸಾಯನಿಕ ಸೆರೊಟೋನಿನ್ ಅನ್ನು ಹಿಡಿದುಕೊಳ್ಳುವ '1ಎ' ಗ್ರಾಹಕ (ಜೀವಕೋಶದ ಮೇಲಿನ ಪ್ರೊಟೀನು) ಇಲ್ಲದ ಇಲಿಗಳನ್ನು ಮೂರು ಬೇರೆ ತಳಿಗಳಲ್ಲಿ ಸಿದ್ಧಪಡಿಸಿದವು. ಮೂರರಲ್ಲೂ ಆತಂಕ ಹೆಚ್ಚು. ತೆರೆದ ಜಾಗದ ನಡುವಿಗೆ ಹೋಗಲು ಹಿಂಜರಿದವು. ಆದರೆ ನೀರಿಗೆ ಬಿಟ್ಟಾಗಲೋ ಬಾಲ ಕಟ್ಟಿ ನೇತುಹಾಕಿದಾಗಲೋ ಒದ್ದಾಟ ಹೆಚ್ಚು, ಥೇಟ್ ಖಿನ್ನತೆಯ ಮಾತ್ರೆ ನುಂಗಿದ ಇಲಿಗಳಂತೆ. ಈಜನ್ನಷ್ಟೇ ನಂಬಿದ್ದರೆ ಗ್ರಾಹಕ ಕಿತ್ತುಹಾಕುವುದೇ ಚಿಕಿತ್ಸೆ ಎನ್ನಬೇಕಾಗುತ್ತಿತ್ತು!

ತಳಿಯ ಗೋಜಲು ಬೇರೆ. ಆಗ ಜೀನ್ ತಿದ್ದುತ್ತಿದ್ದದ್ದು ಹೆಚ್ಚಾಗಿ '129' ಎಂಬ ಇಲಿ ತಳಿಯ ಕಾಂಡಕೋಶದಲ್ಲಿ, ಸಾಕುವುದು 'ಸಿ57 ಬ್ಲ್ಯಾಕ್ 6' ಎಂಬ ಇನ್ನೊಂದು ತಳಿಯಲ್ಲಿ. ಕೆಡಿಸಿದ ಜೀನಿನ ಅಕ್ಕಪಕ್ಕದ 129ರ ತುಣುಕುಗಳೂ ಜೊತೆಗೇ ಬರುತ್ತವೆ. ಸಾಮಾನ್ಯವಾಗಿ 10 ತಲೆಮಾರು ಮರುಸಂಕರ (ಮತ್ತೆ ಮತ್ತೆ ಬ್ಲ್ಯಾಕ್ 6ರೊಡನೆ ಕೂಡಿಸುವುದು) ಮಾಡಿದರೂ ಅವು ಪೂರ್ತಿ ಹೋಗುವುದಿಲ್ಲ. ಹೋಲಿಕೆಗೆ ಒಡಹುಟ್ಟಿದ ಮರಿಗಳನ್ನೇ ಇಡಬೇಕು, ಕೊಂಡು ತಂದವನ್ನಲ್ಲ: ಎರಡೂ ಕಡೆ ಒಂದೊಂದೇ ಕೆಟ್ಟ ಪ್ರತಿಯಿರುವ ಜೋಡಿ ಕೂಡಿಸಿದರೆ ನಾಲ್ಕರಲ್ಲಿ ಒಂದು ನಾಕೌಟ್, ಒಂದು ಸಾಮಾನ್ಯ. 1999ರಲ್ಲಿ ಪೋರ್ಟ್‌ಲ್ಯಾಂಡ್, ಆಲ್ಬನಿ, ಎಡ್ಮಂಟನ್‌ನ ಪ್ರಯೋಗಾಲಯಗಳು ಉಪಕರಣ, ವಿಧಾನ, ಇಲಿಯ ವಯಸ್ಸು ಎಲ್ಲ ಒಂದೇ ಆಗಿಸಿದರೂ ಕೆಲವು ಪರೀಕ್ಷೆಗಳ ಫಲಿತಾಂಶ ಊರಿಂದೂರಿಗೆ ಬೇರೆಯಾಯಿತು.

ನಮ್ಮ ಲೆಕ್ಕದಲ್ಲಿ ನಿಜವಾದ ತಿರುವು 2002ರದು. ಕೊಲಂಬಿಯಾ ವಿಶ್ವವಿದ್ಯಾಲಯದ ರೆನೆ ಹೆನ್ ತಂಡ 1ಎ ಇಲ್ಲದ ಇಲಿಗಳ ಮುಮ್ಮೆದುಳಿನಲ್ಲಿ, ಡಾಕ್ಸಿಸೈಕ್ಲಿನ್ ಎಂಬ ಆಂಟಿಬಯಾಟಿಕ್ ಕೊಟ್ಟರೆ ಆರುವ, ನಿಲ್ಲಿಸಿದರೆ ಹೊತ್ತುವ 1ಎ ಗ್ರಾಹಕವನ್ನು ಇಟ್ಟಿತು. ಬೆಳೆದ ಇಲಿಯಲ್ಲಿ ಆರಿಸಿದರೆ ಆತಂಕ ಬರಲಿಲ್ಲ. ಮರಿಯಿದ್ದಾಗ ಆರಿಸಿಟ್ಟು ಆಮೇಲೆ ಹೊತ್ತಿಸಿದರೆ ಆತಂಕ ಹೋಗಲೂ ಇಲ್ಲ.

ಮರುವರ್ಷ ಅದೇ ತಂಡ ಈಜು ಬಿಟ್ಟು ಊಟ ಹಿಡಿಯಿತು: ಹಸಿದ ಇಲಿ ಬೆಳಕಿನ ನಡುವಿಟ್ಟ ಆಹಾರಕ್ಕೆ ಬಾಯಿ ಹಾಕಲು ಎಷ್ಟು ತಡಮಾಡುತ್ತದೆ? ಸಾಮಾನ್ಯ ಇಲಿಗಳಿಗೆ ಖಿನ್ನತೆಯ ಔಷಧಿ ಫ್ಲೂಆಕ್ಸೆಟಿನ್ 5 ದಿನ ಕೊಟ್ಟರೆ ವ್ಯತ್ಯಾಸವಿಲ್ಲ, 28 ದಿನಕ್ಕೆ ಕಂಡಿತು. 1ಎ ಇಲ್ಲದ ಇಲಿಗಳಲ್ಲಿ 28 ದಿನಕ್ಕೂ ಇಲ್ಲ. ಇನ್ನೊಂದು ಖಿನ್ನತೆಯ ಔಷಧಿ ಇಮಿಪ್ರಮಿನ್ ಮಾತ್ರ ಅವುಗಳಲ್ಲೂ ಕೆಲಸ ಮಾಡಿತು.