ಕಟ್ಟೆಯ ಬುಡದ ನೀರು ತಿಳಿಯಾಗಿದೆಯೇ?

ಮಣ್ಣಿನ ಅಣೆಕಟ್ಟು ಸೋರುತ್ತದೆ. ಹೀಗಂದ ಕೂಡಲೇ ಎಷ್ಟೋ ಜನ ಗಾಬರಿಯಾಗುತ್ತಾರೆ. ಆದರೆ ಸೋರದ ಮಣ್ಣಿನ ಕಟ್ಟೆ ಅಂತ ಒಂದು ಇಲ್ಲವೇ ಇಲ್ಲ. ಎಷ್ಟೇ ದಮ್ಮಸ್ಸು ಮಾಡಿದರೂ ಮಣ್ಣಿನ ಕಣಗಳ ನಡುವೆ ಸಂದು ಉಳಿಯುತ್ತದೆ. ಒಳಗಡೆ ನಿಂತ ನೀರು ಆ ಸಂದುಗಳಲ್ಲಿ ನುಸುಳಿಕೊಂಡು, ನಿಧಾನವಾಗಿ ಇಳಿದು, ಹೊರಮೈಯ ಬುಡದಲ್ಲಿ ಜಿನುಗುತ್ತದೆ. ಇದು ಕಟ್ಟಿದವರಿಗೂ ಗೊತ್ತು. ನೋಡಬೇಕಾದ್ದು ಆ ನೀರಿನ ಬಣ್ಣ.

ಬುಡದಲ್ಲಿ ಒಸರುವ ನೀರನ್ನು ಗಾಜಿನ ಲೋಟದಲ್ಲಿ ತುಂಬಿ ಬೆಳಕಿಗೆ ಹಿಡಿಯಿರಿ. ತಿಳಿಯಾಗಿದ್ದು, ದಿನವೂ ಅಷ್ಟಷ್ಟೇ ಬರುತ್ತಿದ್ದರೆ ಸದ್ಯಕ್ಕೆ ಪರವಾಗಿಲ್ಲ. ಬಗ್ಗಡವಾಗಿದ್ದರೆ? ಕಟ್ಟೆಯೇ ಚೂರು ಚೂರಾಗಿ ಲೋಟಕ್ಕೆ ಬರುತ್ತಿದೆ ಎಂದರ್ಥ. ನೀರು ಹೊರಬೀಳುವ ಬಾಯಲ್ಲಿ ಮೊದಲು ಒಂದು ಕಣ ಕಳಚುತ್ತದೆ. ನೀರಿನ ದಾರಿ ಅಷ್ಟು ಗಿಡ್ಡವಾಯಿತು. ದಾರಿ ಗಿಡ್ಡವಾದಷ್ಟೂ ಹರಿವಿನ ರಭಸ ಜಾಸ್ತಿ, ಹಿಂದಿನ ಕಣವೂ ಕಳಚುತ್ತದೆ. ಹೀಗೆ ಒಂದು ಸಣ್ಣ ಕೊಳವೆ ಹೊರಗಿನಿಂದ ಒಳಕ್ಕೆ, ನೀರು ನಿಂತ ಕಡೆಗೇ ಬೆಳೆಯುತ್ತಾ ಹೋಗುತ್ತದೆ. ಎಂಜಿನಿಯರುಗಳು ಇದನ್ನು ಪೈಪಿಂಗ್ ಅನ್ನುತ್ತಾರೆ. ವರ್ಷಗಟ್ಟಲೆ ಯಾರಿಗೂ ಕಾಣದೆ ಬೆಳೆದ ಕೊಳವೆ ಆ ತುದಿಯನ್ನು ಮುಟ್ಟಿದ ಮೇಲೆ ಕಟ್ಟೆಗೆ ಉಳಿಯುವುದು ಕೆಲವೇ ಗಂಟೆ. ಮರದ ಬೇರು, ಪ್ರಾಣಿಗಳು ತೋಡಿದ ಬಿಲ, ತೂಬಿನ ತುಕ್ಕು ಹಿಡಿದ ಪೈಪು, ಇವೆಲ್ಲ ಆ ಕೊಳವೆಗೆ ಅರ್ಧ ದಾರಿ ಮಾಡಿಕೊಟ್ಟಂತೆ. ಈಗಿನ ಕಟ್ಟೆಗಳಲ್ಲಿ ಹೊರಮೈ ಕಡೆ ಮರಳಿನ ಪದರ ಹಾಕುತ್ತಾರೆ. ಅದು ನೀರನ್ನು ಬಿಟ್ಟು ಮಣ್ಣನ್ನು ಹಿಡಿದಿಟ್ಟುಕೊಳ್ಳುತ್ತದೆ. ಹಳೆಯ ಖಾಸಗಿ ಕಟ್ಟೆಗಳಲ್ಲಿ ಎಷ್ಟೋ ಕಡೆ ಅದೂ ಇಲ್ಲ.

ಅಮೆರಿಕದ ಸರ್ಕಾರಿ ಪಟ್ಟಿಯಲ್ಲಿ 90,000ಕ್ಕೂ ಜಾಸ್ತಿ ಅಣೆಕಟ್ಟುಗಳಿವೆ. ಅರ್ಧಕ್ಕಿಂತ ಹೆಚ್ಚಿನವು ಖಾಸಗಿಯವರ ಕೈಯಲ್ಲಿವೆ. ಬಹುಪಾಲು ಮಣ್ಣಿನವೇ. ಅಜ್ಜ ಹೊಲಕ್ಕೆಂದು ಕಟ್ಟಿದ್ದು, ಮೊಮ್ಮಗನ ಕಾಲಕ್ಕೆ ಮೀನು ಹಿಡಿಯುವ ಕೊಳ. ಜಮೀನು ಮಾರಿದರೆ ಕಟ್ಟೆಯೂ ಕೈ ಬದಲಾಯಿಸುತ್ತದೆ, ಆದರೆ ಅದರ ಕಥೆ ಹೊಸಬರಿಗೆ ಗೊತ್ತಿರುವುದಿಲ್ಲ.

ಜಾರ್ಜಿಯಾ ರಾಜ್ಯದ ಕೆಲ್ಲಿ ಬಾರ್ನ್ಸ್ ಕಟ್ಟೆ ಇಂಥದ್ದೇ. ಎತ್ತರ 38 ಅಡಿ, ಅಷ್ಟೇ. ಮೊದಲು ಸಣ್ಣ ವಿದ್ಯುತ್ ಘಟಕಕ್ಕೆಂದು ಕಲ್ಲು ಮರದಲ್ಲಿ ಕಟ್ಟಿದ್ದು, ಆಮೇಲೆ ಅದರ ಮೇಲೆಯೇ ಮಣ್ಣು ಹಾಕಿ ಎತ್ತರಿಸಿದರು. 1957ರಲ್ಲಿ ವಿದ್ಯುತ್ ಉತ್ಪಾದನೆ ನಿಂತಿತು, ನೀರು ಮಾತ್ರ ನಿಂತೇ ಇತ್ತು. ಹೊರಮೈ ತುಂಬಾ ಮರ ಬೆಳೆದಿದ್ದವು. 1973ರ ಒಂದು ಫೋಟೊದಲ್ಲಿ ಅದೇ ಹೊರಮೈ ಒಂದು ಕಡೆ ಜಾರಿರುವುದು ಕಾಣುತ್ತದೆ. 1977ರ ನವೆಂಬರ್ 6ರ ನಡುರಾತ್ರಿ ದಾಟಿದ ಮೇಲೆ, ಮಳೆಯಲ್ಲಿ ಕಟ್ಟೆ ಒಡೆಯಿತು. ಕೆಳಗಿದ್ದ ಟೊಕೊವಾ ಫಾಲ್ಸ್ ಕಾಲೇಜಿನ ಆವರಣದಲ್ಲಿ 39 ಜನ ಸತ್ತರು.

ತಮಾಷೆಯಲ್ಲ, ಅಣೆಕಟ್ಟು ತಪಾಸಣೆಯ ಕಾನೂನು ಆಗಲೇ ಐದು ವರ್ಷ ಹಳೆಯದಾಗಿತ್ತು. 1972ರಲ್ಲಿ ಪಾಸಾಗಿತ್ತು, ತಪಾಸಣೆಗೆ ದುಡ್ಡು ಮಾತ್ರ ಬಂದಿರಲಿಲ್ಲ. ಟೊಕೊವಾ ದುರಂತದ ಮೇಲೆ ಅಧ್ಯಕ್ಷ ಕಾರ್ಟರ್ ಆದೇಶ ಕೊಟ್ಟರು. ಸೇನೆಯ ಎಂಜಿನಿಯರುಗಳು 1981ರ ಹೊತ್ತಿಗೆ ಸುಮಾರು 8,800 ಕಟ್ಟೆ ನೋಡಿದರು. ಸುಮಾರು 2,900 ಕಟ್ಟೆ ಅಸುರಕ್ಷಿತ ಎಂದು ಬರೆದರು. ಅವುಗಳಲ್ಲಿ ಬಹುಪಾಲಿನ ದೋಷ ಒಂದೇ: ಕೋಡಿ ಸಾಲದು.

ಕೋಡಿಯೇ ಮಣ್ಣಿನ ಕಟ್ಟೆಯ ಪ್ರಾಣ. ಕಾಂಕ್ರೀಟಿನ ಕಟ್ಟೆಯ ನೆತ್ತಿಯ ಮೇಲೆ ನೀರು ಹರಿದರೆ ಅದು ತಡೆದುಕೊಂಡೀತು. ಮಣ್ಣಿನದು ತಡೆಯುವುದಿಲ್ಲ. ನೀರು ಹೊರಮೈಯಲ್ಲಿ ಕೊರಕಲು ಕೊರೆದು, ಆ ಕೊರಕಲು ಮೇಲಕ್ಕೆ ತಿನ್ನುತ್ತಾ ಬಂದು, ಏರಿಯನ್ನೇ ಸೀಳಿಬಿಡುತ್ತದೆ. 1889ರಲ್ಲಿ ಪೆನ್ಸಿಲ್ವೇನಿಯಾದ ಸೌತ್ ಫೋರ್ಕ್ ಕಟ್ಟೆಯ ಕೋಡಿಗೆ, ಮೀನು ತಪ್ಪಿಸಿಕೊಳ್ಳದಿರಲಿ ಅಂತ, ಶ್ರೀಮಂತರ ಕ್ಲಬ್ಬು ಜಾಲರಿ ಹಾಕಿಸಿತ್ತು. ಕಸಕಡ್ಡಿ ಅದಕ್ಕೆ ಸಿಕ್ಕಿಕೊಂಡಿತು. ಅದೊಂದೇ ಕಾರಣವಲ್ಲ, ಆದರೆ 2,209 ಜನ ಸತ್ತ ಆ ದಿನ ನೀರು ಕಟ್ಟೆಯ ನೆತ್ತಿ ಹತ್ತಿದ್ದು ನಿಜ.

ಸರ್ಕಾರದ ಕಣ್ಣು ಯಾವ ಕಟ್ಟೆಯ ಮೇಲೆ ಬೀಳುತ್ತದೆ? ಅಲ್ಲೊಂದು ಗೊಂದಲವಿದೆ. ಅಮೆರಿಕದಲ್ಲಿ ಕಟ್ಟೆಗಳಿಗೆ ಹೆಚ್ಚು, ಮಧ್ಯಮ, ಕಡಿಮೆ ಎಂದು ಅಪಾಯದ ದರ್ಜೆ ಕೊಡುತ್ತಾರೆ. ಕಟ್ಟೆ ಗಟ್ಟಿಯಾಗಿದೆಯೋ ಇಲ್ಲವೋ ಎನ್ನುವುದಕ್ಕೂ ಈ ದರ್ಜೆಗೂ ಸಂಬಂಧವಿಲ್ಲ. ಒಡೆದರೆ ಕೆಳಗೆ ಏನಾಗುತ್ತದೆ ಅನ್ನುವುದಷ್ಟೇ ಲೆಕ್ಕ. ಕೆಳಗೆ ಬರೀ ಹುಲ್ಲುಗಾವಲಿದ್ದರೆ 'ಕಡಿಮೆ'. ನಾಳೆ ಅಲ್ಲಿ ನಾಲ್ಕು ಮನೆ ಎದ್ದರೆ, ಕಟ್ಟೆಯ ಒಂದು ಕಲ್ಲೂ ಅಲುಗದೆ, ದರ್ಜೆ 'ಹೆಚ್ಚು' ಆಗಬೇಕು. ಮನೆ ಕಟ್ಟಲು ಪರವಾನಗಿ ಕೊಡುವವರೇ ಬೇರೆ, ಕಟ್ಟೆ ನೋಡುವವರೇ ಬೇರೆ. ಅವರಿಬ್ಬರೂ ಮಾತಾಡಿಕೊಳ್ಳಬೇಕಲ್ವಾ? ಎಲ್ಲಾ ಕಡೆ ಆಡಿಕೊಳ್ಳುವುದಿಲ್ಲ.

ಹವಾಯಿಯ ಕಾ ಲೋಕೊ ಕಟ್ಟೆ 1890ರದ್ದು, ಕಬ್ಬಿನ ಗದ್ದೆಗೆ ನೀರು ಕೊಡಲು ಕಟ್ಟಿದ್ದು. ಕಬ್ಬು ಹೋಯಿತು, ಜಾಗ ಖಾಸಗಿಯವರ ಕೈ ಸೇರಿತು, ಕಟ್ಟೆ ಉಳಿಯಿತು. ಸರ್ಕಾರದ ಕಡತದಲ್ಲಿ ದರ್ಜೆ 'ಕಡಿಮೆ'. ವಾರಗಟ್ಟಲೆ ಸುರಿದ ಮಳೆಯ ನಂತರ 2006ರ ಮಾರ್ಚ್ 14ರ ನಸುಕಿನಲ್ಲಿ ಅದು ಒಡೆದು ಕೆಳಗಿನ ಕಣಿವೆಯಲ್ಲಿ ಏಳು ಜನ ಕೊಚ್ಚಿಹೋದರು. ತನಿಖೆಗೆ ಹೋದವರು ಕೋಡಿಗಾಗಿ ಹುಡುಕಿದರು. ಅದಿರಬೇಕಾದ ಜಾಗವನ್ನು ಮಣ್ಣು ತುಂಬಿ ಸಮ ಮಾಡಿದಂತಿತ್ತು.

ಮರುವರ್ಷ, 2007ರಲ್ಲಿ, ಹವಾಯಿ ಹೊಸ ಅಣೆಕಟ್ಟು ಸುರಕ್ಷತಾ ಕಾನೂನು ತಂದಿತು. ಈಗ ಅಲ್ಲಿ ಹಳೆಯ ಕಟ್ಟೆ ಇಟ್ಟುಕೊಂಡವರ ಮುಂದಿರುವುದು ಎರಡೇ ದಾರಿ. ಖರ್ಚು ಮಾಡಿ ಕೋಡಿ, ತೂಬು ಸರಿಮಾಡಿಸಬೇಕು, ಇಲ್ಲವೇ ಏರಿಯನ್ನು ಹದವಾಗಿ ಕತ್ತರಿಸಿ ನೀರು ನಿಲ್ಲದಂತೆ ಮಾಡಬೇಕು. ಎರಡನೆಯದು ನೋಡಲು ಬೇಜಾರಿನ ಕೆಲಸ. ಆದರೂ ಕೆಲವರು ಅದನ್ನೇ ಆರಿಸಿಕೊಂಡಿದ್ದಾರೆ.