ಮೌಲ್ಯ, ಬಡ್ತಿ ಮತ್ತು ಮೈಬಣ್ಣ

ಮೇಲೇರಿದ ಮ್ಯಾನೇಜರನ ಮನಸ್ಸಿನಲ್ಲಿ ಯಾವ ಮೌಲ್ಯಗಳಿರುತ್ತವೆ ಎಂಬುದನ್ನು ಪ್ರಶ್ನಾವಳಿಯಿಂದ ಅಳೆಯುವ ಪ್ರಯತ್ನಗಳಲ್ಲಿ ಮುಖ್ಯವಾದುದು, ಅಮೆರಿಕದ ಜಾರ್ಜ್ ಇಂಗ್ಲೆಂಡ್ 1967ರಲ್ಲಿ ಪ್ರಕಟಿಸಿದ ಅಧ್ಯಯನ. ಅವರು ಸಾವಿರಕ್ಕೂ ಹೆಚ್ಚು ಮ್ಯಾನೇಜರುಗಳ ಮುಂದೆ ಲಾಭ, ನಿಷ್ಠೆ, ಸ್ಪರ್ಧೆ, ಸಮಾನತೆ, ಧರ್ಮ ಮೊದಲಾದ 66 ಪರಿಕಲ್ಪನೆಗಳನ್ನಿಟ್ಟು, ಯಾವುದು ಎಷ್ಟು ಮುಖ್ಯ, ಏಕೆ ಮುಖ್ಯ ಎಂದು ಕೇಳಿದರು. 1974ರಲ್ಲಿ ರೇಮಂಡ್ ಲೀ ಅವರೊಂದಿಗೆ ಅಮೆರಿಕ, ಜಪಾನ್, ಆಸ್ಟ್ರೇಲಿಯಾಗಳ ಜೊತೆ ಭಾರತದ ಮ್ಯಾನೇಜರುಗಳನ್ನೂ ಪರಿಶೀಲಿಸಿ, ಯಶಸ್ವಿಗಳು ಸಾಧನೆಯನ್ನೂ ಚಟುವಟಿಕೆಯನ್ನೂ ಎತ್ತಿಹಿಡಿಯುತ್ತಾರೆ, ಉಳಿದವರು ಇದ್ದುದನ್ನು ಕಾಪಾಡಿಕೊಳ್ಳುವ ಮೌಲ್ಯಗಳತ್ತ ವಾಲುತ್ತಾರೆ ಎಂದರು. ಆದರೆ ಯಶಸ್ಸಿಗೆ ಅವರು ಹಿಡಿದ ಅಳತೆಗೋಲು, ವಯಸ್ಸಿಗೆ ಹೋಲಿಸಿದಾಗ ಸಿಗುವ ಸಂಬಳ.

ಈ ಅಳತೆಗೋಲನ್ನು ಕಪ್ಪು ಮ್ಯಾನೇಜರುಗಳ ಪಕ್ಕದಲ್ಲಿಟ್ಟರೆ ಅದರ ಕೊರತೆ ಕಾಣುತ್ತದೆ. ನೌಕರಿಯಲ್ಲಿ ಜನಾಂಗದ ಆಧಾರದ ಮೇಲೆ ಭೇದ ಮಾಡುವುದನ್ನು ಅಮೆರಿಕದ ಕೇಂದ್ರ ಕಾನೂನು ನಿಷೇಧಿಸಿದ್ದು 1964ರಲ್ಲಿ. ಅದಕ್ಕೆ ಮೊದಲು ನಾರ್ತ್ ಕ್ಯಾರೊಲಿನಾದ ಡ್ಯೂಕ್ ಪವರ್ ಕಂಪನಿಯ ಡ್ಯಾನ್ ರಿವರ್ ಸ್ಥಾವರದಲ್ಲಿ ಕಪ್ಪು ನೌಕರರಿಗೆ ತೆರೆದಿದ್ದುದು ಅತಿ ಕಡಿಮೆ ಸಂಬಳದ ಕೂಲಿ ವಿಭಾಗವೊಂದೇ. ಕಾನೂನು ಜಾರಿಗೆ ಬಂದಾಗ ಕಂಪನಿ ಬೇರೆ ವಿಭಾಗಗಳ ಪ್ರವೇಶಕ್ಕೆ ಲಿಖಿತ ಪರೀಕ್ಷೆಗಳನ್ನು ತಂದಿತು. ಕೆಲಸಕ್ಕೆ ಸಂಬಂಧವೇ ಇಲ್ಲದ ಪರೀಕ್ಷೆ ಒಂದು ಜನಾಂಗದವರನ್ನು ಹೊರಗಿಟ್ಟರೆ, ದುರುದ್ದೇಶವಿರಲಿ ಬಿಡಲಿ, ಅದು ಕಾನೂನುಬಾಹಿರ ಎಂದು ಸುಪ್ರೀಂ ಕೋರ್ಟ್ 1971ರಲ್ಲಿ ತೀರ್ಪಿತ್ತಿತು. ಅಂಥ ಗೋಡೆಗಳ ಹಿಂದೆ ಕೆಲಸ ಶುರು ಮಾಡಿದವನ ಸಂಬಳ ಹೇಳುವುದು ಅವನ ಮೌಲ್ಯಗಳನ್ನೋ, ಗೋಡೆಯ ಎತ್ತರವನ್ನೋ?

ಮುಂದಿನ ಸಂಶೋಧಕರು ವ್ಯಕ್ತಿಯ ಮನಸ್ಸಿನಿಂದ ಸಂಸ್ಥೆಯ ಕಡೆಗೆ ನೋಟ ತಿರುಗಿಸಿದರು. ಜೆಫ್ರಿ ಗ್ರೀನ್‌ಹೌಸ್ ಮತ್ತು ಸಂಗಡಿಗರ 1990ರ ಅಧ್ಯಯನದಲ್ಲಿ ಕಪ್ಪು ಮ್ಯಾನೇಜರುಗಳು ತಮ್ಮನ್ನು ಸಂಸ್ಥೆ ಅಷ್ಟಾಗಿ ಒಪ್ಪಿಕೊಂಡಿಲ್ಲ, ತಮಗೆ ಸ್ವಂತ ತೀರ್ಮಾನದ ಅವಕಾಶ ಕಡಿಮೆ ಎಂದು ಭಾವಿಸಿದ್ದರು. ಮೇಲಧಿಕಾರಿಗಳಿಂದ ಕಡಿಮೆ ಅಂಕ ಪಡೆದು, ಬಡ್ತಿಯಿಲ್ಲದೆ ಒಂದೇ ಹಂತದಲ್ಲಿ ನಿಲ್ಲುವ ಸಾಧ್ಯತೆಯೂ ಅವರಿಗೇ ಹೆಚ್ಚಾಗಿತ್ತು. ಇದು ಮೌಲ್ಯಗಳ ಪಟ್ಟಿಯಲ್ಲಿ ಹಿಡಿಯಲಾಗದ ಸಂಗತಿ.

ಹಾರ್ವರ್ಡಿನ ಡೇವಿಡ್ ಥಾಮಸ್ 2001ರಲ್ಲಿ ಬರೆದುದು ನನಗೆ ಇನ್ನೂ ಮುಖ್ಯವೆನಿಸುತ್ತದೆ. ಭರವಸೆ ಹುಟ್ಟಿಸುವ ಬಿಳಿಯರು ಆರಂಭದಲ್ಲೇ ವೇಗದ ದಾರಿ ಹಿಡಿಯುತ್ತಾರೆ. ಅಷ್ಟೇ ಸಮರ್ಥರಾದ ಅಲ್ಪಸಂಖ್ಯಾತ ಜನಾಂಗದವರ ಓಟ ಶುರುವಾಗುವುದು ಮಧ್ಯಮ ಹಂತ ತಲುಪಿದ ಮೇಲೆ, ಅದೂ ನಂಬಿ ಬೆನ್ನಿಗೆ ನಿಂತ ಹಿರಿಯರಿದ್ದರೆ. ಮುಂದೆ ಉನ್ನತ ಹುದ್ದೆಗೇರುವ ಅಂಥ ಒಬ್ಬರನ್ನು ಮೂವತ್ತರ ಆಸುಪಾಸಿನಲ್ಲಿ ವಯಸ್ಸು-ಸಂಬಳದ ಹಳೆಯ ಕೋಲಿನಿಂದ ಅಳೆದಿದ್ದರೆ, ಅವರು ಹಿಂದುಳಿದವರ ಸಾಲಿಗೇ ಸೇರುತ್ತಿದ್ದರು.